ಇಮ್ಯುನೊಥೆರಪಿ ನಡೆದಾಗ ಪ್ರೋಬಯಾಟಿಕ್ ಕೊಡಬಹುದಾ?

ಪ್ರಶ್ನೆ: ನಮ್ಮ ಕಾಕಾಗೆ ಶ್ವಾಸಕೋಶದ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಇಮ್ಯುನೊಥೆರಪಿ ನಡೆದಿದೆ. ಹೊಟ್ಟೆಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇದ್ದರೆ ಔಷಧ ಚೆನ್ನಾಗಿ ಹತ್ತುತ್ತದಂತೆ. ಮೆಡಿಕಲ್‌ನಿಂದ ಪ್ರೋಬಯಾಟಿಕ್ ತಂದು ಕೊಡಲೇನು? (ಸಿಂಧನೂರಿನ ಓದುಗರು)

ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಬೇಡ. ನೀವು ಕೇಳಿದ ಸುದ್ದಿ ಸುಳ್ಳಲ್ಲ, ಆದರೆ ಅದಕ್ಕೂ ಅಂಗಡಿಯ ಕ್ಯಾಪ್ಸೂಲಿಗೂ ಬಹಳ ದೂರ.

ಪೆಂಬ್ರೊಲಿಝುಮ್ಯಾಬ್, ನಿವೊಲುಮ್ಯಾಬ್‌ನಂಥ ಇಮ್ಯುನೊಥೆರಪಿ ಔಷಧಗಳು ಗಡ್ಡೆಯನ್ನು ನೇರವಾಗಿ ಕೊಲ್ಲುವುದಿಲ್ಲ. ರೋಗದ ವಿರುದ್ಧ ಹೋರಾಡುವ ನಮ್ಮದೇ ಟಿ-ಕೋಶಗಳಿಗೆ (ಒಂದು ಬಗೆಯ ಬಿಳಿ ರಕ್ತಕಣ) ಬಿದ್ದಿರುವ ಬ್ರೇಕ್ ಬಿಡಿಸುತ್ತವೆ. ಆ ಕೋಶಗಳು ಎಷ್ಟು ಚುರುಕಾಗಿರುತ್ತವೆ ಎಂಬುದರಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಪಾಲೂ ಇರುವಂತಿದೆ. 2018ರಲ್ಲಿ ಪ್ಯಾರಿಸ್ ಬಳಿಯ ಗುಸ್ತಾವ್ ರೂಸ್ಸಿ ಸಂಸ್ಥೆಯ ಲಾರೆನ್ಸ್ ಝಿಟ್ವೊಗೆಲ್ ತಂಡ ಶ್ವಾಸಕೋಶ, ಮೂತ್ರಪಿಂಡದ ಕ್ಯಾನ್ಸರ್ ರೋಗಿಗಳ ಮಲ ಪರೀಕ್ಷಿಸಿತು. ಔಷಧ ಹತ್ತಿದವರಲ್ಲಿ ಅಕರ್ಮ್ಯಾನ್ಸಿಯಾ ಎಂಬ ಬ್ಯಾಕ್ಟೀರಿಯಾ ಹೆಚ್ಚಾಗಿ ಕಂಡಿತು. ಚಿಕಿತ್ಸೆ ಶುರುವಾಗುವ ಆಸುಪಾಸಿನಲ್ಲಿ ಆಂಟಿಬಯಾಟಿಕ್ ತಿಂದವರಿಗೆ ಫಲ ಕಡಿಮೆ.

2021ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕರು ಇನ್ನೂ ಮುಂದೆ ಹೋದರು. ಔಷಧ ಹತ್ತದ 15 ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳ ಕರುಳಿಗೆ, ಇಂಥದೇ ಔಷಧ ಚೆನ್ನಾಗಿ ಹತ್ತಿದವರ ಮಲವನ್ನು ಸಂಸ್ಕರಿಸಿ ಕೊಲೊನೊಸ್ಕೋಪಿಯಿಂದ (ಕರುಳಿಗೆ ಇಳಿಸುವ ಕೊಳವೆ) ಸೇರಿಸಿ, ಜೊತೆಗೆ ಔಷಧವನ್ನೂ ಕೊಟ್ಟರು. ಮುಖ ಕಿವುಚಬೇಡಿ, ಆರು ಮಂದಿಗೆ ಪ್ರಯೋಜನವಾಯಿತು. ಒಂಬತ್ತು ಮಂದಿಗೆ ಆಗಲಿಲ್ಲ ಎಂಬುದೂ ಅಷ್ಟೇ ನಿಜ.

ಹಾಗಾದರೆ ಕ್ಯಾಪ್ಸೂಲ್? ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ ಅಂಗಡಿಯ ಪ್ರೋಬಯಾಟಿಕ್ ಕೊಟ್ಟ ಇಲಿಗಳಲ್ಲಿ ಇಮ್ಯುನೊಥೆರಪಿಯ ಬಲ ಕುಗ್ಗಿತು. ಅದೇ ಅಧ್ಯಯನದಲ್ಲಿ, ದಿನಕ್ಕೆ 20 ಗ್ರಾಂ ಅಥವಾ ಹೆಚ್ಚು ನಾರು ತಿನ್ನುತ್ತಿದ್ದ ಮೆಲನೋಮ ರೋಗಿಗಳಲ್ಲಿ ಕಾಯಿಲೆ ಉಳಿದವರಿಗಿಂತ ತಡವಾಗಿ ಮುಂದುವರಿದಿತ್ತು. ನಾರೇ ಕಾರಣ ಎಂದು ಇದು ಸಾಬೀತು ಮಾಡುವುದಿಲ್ಲ. ಆದರೂ ಕಾಲುವೆ ನೀರು ಬಂದ ಮೇಲೆ ನಿಮ್ಮ ಕಡೆ ಎರಡೂ ಹೊತ್ತು ಬಿಳಿ ಅನ್ನವೇ ಆಗಿದೆಯಲ್ಲ, ಕಾಕಾಗೆ ಹೊಟ್ಟೆ ತಡೆದರೆ ಒಂದು ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ಇರಲಿ.

ನನಗೆ ಕ್ಯಾಪ್ಸೂಲಿಗಿಂತ ಹೆದರಿಕೆ ಬೇರೆಯದು. ಹೊಟ್ಟೆ ಕೆಟ್ಟರೆ ನಾವು ಮೆಡಿಕಲ್‌ಗೆ ಹೋಗಿ "ಜುಲಾಬಿಗೆ ಒಂದು ಗುಳಿಗಿ ಕೊಡ್ರಿ" ಅಂತೀವಿ, ಕೈಗೆ ಆಂಟಿಬಯಾಟಿಕ್ ಬರುತ್ತದೆ. ಕಾಕಾಗೆ ಹಾಗೆ ಮಾಡಬೇಡಿ. ಇಮ್ಯುನೊಥೆರಪಿಯಲ್ಲಿ ಭೇದಿ ಎಂದರೆ ಬ್ರೇಕ್ ಬಿಟ್ಟ ಟಿ-ಕೋಶಗಳು ಕರುಳಿನ ಮೇಲೇ ತಿರುಗಿಬಿದ್ದಿರಬಹುದು. ಅದಕ್ಕೆ ಬೇಕಾಗುವುದು ಸಾಮಾನ್ಯವಾಗಿ ಸ್ಟೀರಾಯ್ಡ್. ಅಂದೇ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ. ನ್ಯುಮೋನಿಯಾದಂಥ ಸೋಂಕಿಗೆ ಡಾಕ್ಟರೇ ಆಂಟಿಬಯಾಟಿಕ್ ಬರೆದರೆ ತಪ್ಪಿಸಬೇಡಿ. ಊರಲ್ಲಿ ಯಾವ ಡಾಕ್ಟರಿಗೆ ತೋರಿಸಿದರೂ ಮೊದಲು ಇಮ್ಯುನೊಥೆರಪಿ ವಿಷಯ ಹೇಳಿ. ಚಿಕಿತ್ಸೆ ಮುಗಿದು ತಿಂಗಳುಗಳಾದರೂ ಟಿ-ಕೋಶಗಳ ಈ ತೊಂದರೆ ಕಾಣಿಸಿಕೊಳ್ಳುವುದುಂಟು.