ಹಳೆ ಬೋಟ್ ಎಂಜಿನ್: ಒಂದೇ ಬದಿ ಯಾಕೆ ಬಿಸಿ?

ಸೆಕೆಂಡ್ ಹ್ಯಾಂಡ್ ಬೋಟ್ ಒಂದನ್ನು ಕೊಂಡಿದ್ದೀರಿ ಅಂದುಕೊಳ್ಳಿ. ಒಳಗಿರುವುದು ವಿ-8 ಪೆಟ್ರೋಲ್ ಎಂಜಿನ್, ಅಂದರೆ ಎಂಟು ಸಿಲಿಂಡರುಗಳು ವಿ ಆಕಾರದಲ್ಲಿ ಎರಡು ಸಾಲಾಗಿ ಕೂತದ್ದು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸದ್ದು ಚೆನ್ನಾಗಿದೆ, ಟೆಂಪರೇಚರ್ ಮೀಟರಿನ ಮುಳ್ಳೂ ತನ್ನ ಜಾಗದಲ್ಲೇ ನಿಂತಿದೆ. ಸ್ವಲ್ಪ ಹೊತ್ತು ಓಡಿಸಿ ಮುಚ್ಚಳ ತೆಗೆದು ನೋಡುತ್ತೀರಿ. ಹೊಗೆ ಸಾಗುವ ಎಡಗಡೆಯ ದಪ್ಪ ರಬ್ಬರ್ ಪೈಪು ಉಗುರುಬೆಚ್ಚಗಿದೆ. ಬಲಗಡೆಯದರ ಹತ್ತಿರ ಕೈ ಒಯ್ದರೇ ಝಳ ಹೊಡೆಯುತ್ತದೆ. ಒಂದೇ ಎಂಜಿನ್, ಒಂದೇ ಪಂಪು, ಒಂದೇ ನೀರು. ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಮೀಟರ್ ಸರಿಯಾಗಿದೆಯಲ್ಲ ಎಂದು ಸುಮ್ಮನಾಗಬೇಡಿ. ಆ ಮೀಟರ್ ಸಾಮಾನ್ಯವಾಗಿ ಅಳೆಯುವುದು ಎಂಜಿನ್ ಬ್ಲಾಕಿನ ನೀರನ್ನು. ಹೊಗೆಯ ದಾರಿಯಲ್ಲಿ ಏನು ನಡೆದಿದೆ ಎಂಬುದು ಅದಕ್ಕೆ ಕಾಣುವುದಿಲ್ಲ.

ಕಾರಿನ ಹೊಗೆ ಕೊಳವೆಗೆ ಓಡುವಾಗ ಹೊರಗಿನ ಗಾಳಿ ಬಡಿಯುತ್ತದೆ. ಬೋಟಿನ ಎಂಜಿನ್ ಕೂತಿರುವುದು ಮುಚ್ಚಿದ ಪೆಟ್ಟಿಗೆಯೊಳಗೆ. ನೂರಾರು ಡಿಗ್ರಿ ಬಿಸಿಯ ಹೊಗೆ ಅಲ್ಲಿ ಬರಿಯ ಕಬ್ಬಿಣದಲ್ಲಿ ಹರಿದರೆ ಸುತ್ತಲಿನ ಮರ, ರಬ್ಬರ್, ಫೈಬರ್ ಎಲ್ಲಕ್ಕೂ ಅಪಾಯ. ಅದಕ್ಕೇ ಸಿಲಿಂಡರುಗಳ ಹೊಗೆ ಕೂಡಿ ಹೊರಬರುವ ಕೊಳವೆಗೆ, ಅಂದರೆ ಮ್ಯಾನಿಫೋಲ್ಡಿಗೆ, ಎರಡು ಗೋಡೆ ಇರುತ್ತದೆ. ಒಳಗೆ ಹೊಗೆ, ಗೋಡೆಗಳ ನಡುವೆ ನೀರು. ಅದರ ಮೇಲೆ ರೈಸರ್ ಎಂಬ ಬಾಗಿದ ತುಂಡು ಕೂತಿರುತ್ತದೆ. ಅದರ ತುದಿಯಲ್ಲಿ ನೀರು ಹೊಗೆಯೊಳಗೇ ಬೆರೆತು, ಎರಡೂ ಒಟ್ಟಿಗೆ ರಬ್ಬರ್ ಪೈಪಿನ ಮೂಲಕ ಹೊರಗೆ ಹೋಗುತ್ತವೆ. ಈ ಕೆಲಸಕ್ಕೆ ನೀರಿನಷ್ಟು ಒಳ್ಳೆಯ ಆಳು ಇನ್ನೊಂದಿಲ್ಲ. ಒಂದು ಲೀಟರ್ ನೀರು ಒಂದೇ ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. ಅಷ್ಟೇ ಗಾತ್ರದ ಗಾಳಿಗೆ ಬೇಕಾಗುವುದಕ್ಕಿಂತ ಇದು ಮೂರು ಸಾವಿರ ಪಟ್ಟಿಗೂ ಜಾಸ್ತಿ.

ವಿ ಆಕಾರದ ಎಂಜಿನ್‌ನಲ್ಲಿ ಎಡಕ್ಕೊಂದು, ಬಲಕ್ಕೊಂದು ಮ್ಯಾನಿಫೋಲ್ಡ್. ಒಂದೇ ಪಂಪು ನೀರು ತರುತ್ತದೆ, ಒಂದು ಕಡೆ ಅದು ಕವಲೊಡೆದು ಎರಡೂ ಬದಿಗೆ ಹರಿಯುತ್ತದೆ. ರೋಗ ಹುಡುಕುವವರಿಗೆ ಇದು ದೊಡ್ಡ ಅದೃಷ್ಟ. ಬಲ ಮೊಣಕಾಲು ಊದಿದೆಯೇ ಎಂದು ತಿಳಿಯಲು ಡಾಕ್ಟರು ಎಡ ಮೊಣಕಾಲನ್ನೂ ಮುಟ್ಟಿ ನೋಡುತ್ತಾರೆ, ಅಲ್ವಾ? ಹಾಗೆಯೇ ಇಲ್ಲೂ ಹೋಲಿಕೆಗೆ ಬೇಕಾದ ಇನ್ನೊಂದು ಬದಿ ಎಂಜಿನ್‌ನಲ್ಲೇ ಇದೆ.

ಎರಡು ಬದಿಯ ಬೆಂಕಿಯೂ ಸರಿಸುಮಾರು ಒಂದೇ ಎಂದಿಟ್ಟುಕೊಳ್ಳೋಣ. ಆಗ ನೀರು ಎಷ್ಟು ಡಿಗ್ರಿ ಏರಿತು ಎಂಬುದರಿಂದಲೇ ಎಷ್ಟು ನೀರು ಹರಿಯಿತು ಎಂದು ಅಂದಾಜು ಮಾಡಬಹುದು. ಎರಡೂ ಬದಿಗೆ 30 ಡಿಗ್ರಿಯ ನೀರು ಒಳಬಂದು, ಎಡಗಡೆ 45ಕ್ಕೆ, ಬಲಗಡೆ 60ಕ್ಕೆ ಹೊರಬಿತ್ತು ಅನ್ನಿ. 45ಕ್ಕೂ 60ಕ್ಕೂ ಅಷ್ಟೇನೂ ವ್ಯತ್ಯಾಸವಿಲ್ಲ ಅನ್ನಿಸಬಹುದು. ಆದರೆ ನೋಡಬೇಕಾದದ್ದು ಏರಿಕೆಯನ್ನು. ಒಂದು ಕಡೆ 15, ಇನ್ನೊಂದು ಕಡೆ 30. ಅಂದರೆ ಬಲಗಡೆಗೆ ಅರ್ಧ ನೀರಷ್ಟೇ ಸಿಗುತ್ತಿದೆ. ಒಳಬರುವ ನೀರಿನ ಬಿಸಿಯನ್ನು ಮೊದಲು ಬರೆದುಕೊಳ್ಳದೆ ಅಳೆಯುವವರೇ ಜಾಸ್ತಿ. ಅರ್ಧ ಮಾಹಿತಿ ಅಲ್ಲೇ ಕಳೆದುಹೋಗುತ್ತದೆ.

ಅಳೆಯಲು ಕೈಯಲ್ಲಿ ಹಿಡಿಯುವ ಇನ್ಫ್ರಾರೆಡ್ ಥರ್ಮಾಮೀಟರ್ ಸಾಕು. ಬಿಸಿ ವಸ್ತುಗಳು ಕಣ್ಣಿಗೆ ಕಾಣದ ಕಿರಣ ಸೂಸುತ್ತವೆ, ಈ ಸಾಧನ ಅದನ್ನು ಓದುತ್ತದೆ. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷಲ್ ಬಿಸಿಲನ್ನು ಪಟ್ಟಕದಲ್ಲಿ ಒಡೆದು, ಕೆಂಪು ಬಣ್ಣದ ಆಚೆಗಿನ ಕತ್ತಲಲ್ಲಿ ಥರ್ಮಾಮೀಟರ್ ಇಟ್ಟಾಗ ಪಾದರಸ ಏರಿತ್ತು. ಅವನಿಗೆ ಸಿಕ್ಕಿದ್ದು ಇದೇ ಕಿರಣ. ಆದರೆ ಹೊಳೆಯುವ ಲೋಹ ಈ ಕಿರಣವನ್ನು ಬಹಳ ಕಡಿಮೆ ಸೂಸುತ್ತದೆ, ಸುತ್ತಲಿನದನ್ನು ಕನ್ನಡಿಯ ಹಾಗೆ ತೋರಿಸುತ್ತದೆ. ಸ್ಟೀಲ್ ಕ್ಲಿಪ್ಪಿಗೆ ಗುರಿಯಿಟ್ಟರೆ ಸುಡುವ ಜಾಗವೂ ತಣ್ಣಗಿರುವಂತೆ ಕಾಣುತ್ತದೆ. ಒಂದು ಬದಿ ಬಣ್ಣ ಹೊಡೆದದ್ದು, ಇನ್ನೊಂದು ಬದಿ ತುಕ್ಕು ಉಜ್ಜಿ ಹೊಳಪಿಸಿದ್ದು ಆಗಿದ್ದರೆ ಇಲ್ಲದ ರೋಗವೇ ಕಾಣಬಹುದು. ಇದಕ್ಕೆ ಸುಲಭದ ದಾರಿ ಇದೆ. ಎರಡೂ ಬದಿಯಲ್ಲಿ ಒಂದೇ ಜಾಗಗಳಿಗೆ ಮಂಕು ಕಪ್ಪು ಟೇಪಿನ ತುಂಡು ಅಂಟಿಸಿ, ಅದರ ಮೇಲೇ, ಒಂದೇ ದೂರದಿಂದ ಅಳೆಯಿರಿ. ನೀರು ಒಳಬರುವ ಪೈಪು, ಮ್ಯಾನಿಫೋಲ್ಡಿನ ಮಧ್ಯ, ರೈಸರಿನ ಬುಡ, ರೈಸರಿನ ತುದಿ. ಬದಿಗೆ ನಾಲ್ಕು ಜಾಗ ಸಾಕು.

ಅವಸರ ಮಾತ್ರ ಬೇಡ. ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ತಾನಾಗಿ ತೆರೆಯುವ ಕವಾಟ) ತೆರೆಯುವ ಹೊತ್ತಿಗೆ ನೀರಿನ ಹಂಚಿಕೆ ಏರುಪೇರಾಗುತ್ತಿರುತ್ತದೆ. ಎಂಜಿನ್ ನಿಧಾನಕ್ಕೆ ಓಡುವಾಗ ಪಂಪಿನ ಒತ್ತಡ ಕಡಿಮೆ, ಆಗ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಬೋಟನ್ನು ದಡದಲ್ಲಿಟ್ಟು ತೋಟದ ಪೈಪಿನಿಂದ ನೀರು ಕೊಟ್ಟಾಗ ಸಿಗುವ ಅಂಕಿಯನ್ನು ನಾನಂತೂ ಪೂರ್ತಿ ನಂಬುವುದಿಲ್ಲ. ನೀರಿನಲ್ಲಿಟ್ಟು, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಗೇರ್ ಹಾಕಿ ಎಂಜಿನ್ ಮೇಲೆ ಸ್ವಲ್ಪ ಭಾರ ಕೊಟ್ಟು ಅಳೆದದ್ದೇ ಲೆಕ್ಕ.

ಎರಡೂ ಬದಿ ಒಟ್ಟಿಗೆ ಬಿಸಿಯಾಗಿದ್ದರೆ ತಪ್ಪು ಹೆಚ್ಚಾಗಿ ಕವಲಿಗಿಂತ ಮೊದಲೇ ಇದೆ. ನೀರು ಎಳೆಯುವ ಬಾಯಿ ಕಟ್ಟಿರಬಹುದು, ಪಂಪು ಸೋತಿರಬಹುದು. ಒಂದೇ ಬದಿ ಬಿಸಿಯಾಗಿದ್ದರೆ ತಪ್ಪು ಹೆಚ್ಚಾಗಿ ಕವಲಿನಲ್ಲೋ ಅದರ ನಂತರವೋ ಇದೆ. ಆದರೆ ಪೈಪಿನಲ್ಲೋ, ಕಬ್ಬಿಣದೊಳಗೋ? ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಪರೀಕ್ಷೆ ಇದೆ. ಎಂಜಿನ್ ತಣ್ಣಗಾದ ಮೇಲೆ, ಉದ್ದ ಸಾಲುವುದಾದರೆ, ಎರಡು ಮ್ಯಾನಿಫೋಲ್ಡಿಗೆ ನೀರು ತರುವ ಪೈಪುಗಳನ್ನು ಅದಲುಬದಲು ಮಾಡಿ ಮತ್ತೆ ಓಡಿಸಿ. ಬಿಸಿ ಈಗ ಎಡಗಡೆಗೆ ಹೋಯಿತೇ? ಹಾಗಿದ್ದರೆ ಪೈಪಿನಲ್ಲೋ ಕವಲಿನಲ್ಲೋ ಏನೋ ಸಿಕ್ಕಿಕೊಂಡಿದೆ. ಬಿಸಿ ಬಲಗಡೆಯೇ ಉಳಿಯಿತೇ? ಹೆಚ್ಚಾಗಿ ಮ್ಯಾನಿಫೋಲ್ಡ್ ಅಥವಾ ರೈಸರ್ ಕಟ್ಟಿದೆ. ಒಂದು ಹೊಸ ಭಾಗವನ್ನೂ ಕೊಳ್ಳದೆ ಅರ್ಧ ಎಂಜಿನ್ ನಿರ್ದೋಷಿ ಎಂದು ಸಾಬೀತಾಯಿತು.

ಪೈಪಿನಲ್ಲಿ ಸಿಗುವುದು ಹೆಚ್ಚಾಗಿ ರಬ್ಬರಿನ ಚೂರು. ಪಂಪಿನ ಒಳಗಿನ ಇಂಪೆಲ್ಲರ್‌ಗೆ ರಬ್ಬರಿನ ರೆಕ್ಕೆಗಳಿರುತ್ತವೆ. ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಅವು ಸುಟ್ಟು ಮುರಿಯುತ್ತವೆ. ಹಿಂದಿನ ಮಾಲೀಕರು ಹೊಸ ಇಂಪೆಲ್ಲರ್ ಹಾಕಿ, ಮುರಿದ ತುಂಡು ಎಲ್ಲಿ ಹೋಯಿತು ಎಂದು ಹುಡುಕದೇ ಬಿಟ್ಟಿರುತ್ತಾರೆ. ಆ ತುಂಡು ವರ್ಷಗಳ ಕಾಲ ಯಾವುದೋ ಮೂಲೆಯಲ್ಲಿ ಕೂತಿರುತ್ತದೆ. ಹಳೆ ಇಂಪೆಲ್ಲರ್ ತೆಗೆದಾಗ ರೆಕ್ಕೆಗಳನ್ನು ಎಣಿಸಲೇಬೇಕು.

ಕಬ್ಬಿಣದೊಳಗಿನ ಕಥೆ ನಿಧಾನದ್ದು. ಬಹುಪಾಲು ಮ್ಯಾನಿಫೋಲ್ಡುಗಳು ಬೀಡು ಕಬ್ಬಿಣದವು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಿಗ್ಗುತ್ತದೆ, ಹಕ್ಕಳೆಯಾಗಿ ಎದ್ದು ದಾರಿಗೆ ಬೀಳುತ್ತದೆ. ಇದರ ಜೊತೆಗೆ ಸುಣ್ಣದ ಲವಣಗಳೂ ಸೇರುತ್ತವೆ. ಸಕ್ಕರೆ ಬಿಸಿ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಈ ಲವಣಗಳದ್ದು ಉಲ್ಟಾ, ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತವೆ. ಹಾಗಾಗಿ ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ಪದರ ಕಟ್ಟುತ್ತದೆ. ಪದರ ಕಟ್ಟಿದರೆ ನೀರು ಕಡಿಮೆ, ನೀರು ಕಡಿಮೆಯಾದರೆ ಬಿಸಿ ಇನ್ನೂ ಜಾಸ್ತಿ, ಮತ್ತೆ ಪದರ. ಕೊಳವೆಯ ವ್ಯಾಸ ಅರ್ಧವಾದರೆ ಬಾಯಿಯ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ. ನೀರು ಸಲೀಸಾದ ದಾರಿ ಹಿಡಿದು ಇನ್ನೊಂದು ಬದಿಗೆ ಹೆಚ್ಚು ಹೋಗುತ್ತದೆ. ಒಂದು ಬದಿ ಸುಡುವಾಗ ಇನ್ನೊಂದು ಬದಿ ಎಂದಿಗಿಂತ ತಂಪಾಗುವುದು ಇದಕ್ಕೇ. ಇಂಥ ವ್ಯತ್ಯಾಸ ತಾನಾಗಿ ವಾಸಿಯಾಗುವುದಿಲ್ಲ, ಬೆಳೆಯುತ್ತದೆ.

ಹಳೆ ಎಂಜಿನ್‌ನಲ್ಲಿ ಇನ್ನೊಂದು ಅನುಮಾನವೂ ಇರಲಿ. ಮ್ಯಾನಿಫೋಲ್ಡಿಗೂ ರೈಸರಿಗೂ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್‌ನಲ್ಲಿ ಬಗೆಗಳಿವೆ. ಕೆಲವು ನೀರನ್ನು ಪೂರ್ತಿ ಬಿಡುತ್ತವೆ, ಕೆಲವು ಕಿರಿದು ಮಾಡುತ್ತವೆ, ಕೆಲವು ತಡೆದೇ ಬಿಡುತ್ತವೆ. ಯಾರೋ ಒಂದು ಬದಿಗೆ ತಪ್ಪು ಗ್ಯಾಸ್ಕೆಟ್ ಕೂರಿಸಿದ್ದರೆ ಎಲ್ಲ ಭಾಗಗಳೂ ಹೊಸದಾಗಿದ್ದರೂ ಬಿಸಿ ನಿಲ್ಲುವುದಿಲ್ಲ.

ಇಷ್ಟಾದರೂ ಕಾರಣ ಸಿಗದಿದ್ದರೆ ಪ್ರಶ್ನೆಯನ್ನೇ ತಿರುಗಿಸಿ. ಬಲಗಡೆ ಯಾಕೆ ಬಿಸಿ ಎನ್ನುವುದರ ಬದಲು ಎಡಗಡೆ ಯಾಕೆ ತಂಪು ಎಂದು ಕೇಳಿ. ಎಡಗಡೆಯ ಒಂದು ಸಿಲಿಂಡರ್‌ನಲ್ಲಿ ಕಿಡಿಯೇ ಹತ್ತದಿದ್ದರೆ ಅಲ್ಲಿಂದ ಬರುವ ಬಿಸಿಯೂ ಕಡಿಮೆ. ಆಗ ಆರೋಗ್ಯವಾಗಿರುವ ಬದಿಯನ್ನೇ ರೋಗಿ ಎಂದು ಬಿಚ್ಚಿಬಿಡುತ್ತೇವೆ. ಎಂಜಿನ್ ಅದುರುತ್ತಿದ್ದರೆ ಮೊದಲು ಸ್ಪಾರ್ಕ್ ಪ್ಲಗ್ ನೋಡಿ.

ರೈಸರನ್ನು ಬಿಚ್ಚಿದಾಗ ನೀರಿನ ದಾರಿಯನ್ನಷ್ಟೇ ನೋಡಿ ಮುಗಿಸಬೇಡಿ, ಒಳಗೋಡೆಯ ದಪ್ಪವನ್ನೂ ನೋಡಿ. ಅದು ತೂತಾದರೆ ನೀರು ಹಿಂದಕ್ಕೆ ಜಿನುಗಿ ಸಿಲಿಂಡರಿಗೆ ಇಳಿಯುತ್ತದೆ. ಒತ್ತಿದರೆ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬರುವಾಗ ನೀರಿಗೆ ಬಡಿದರೆ ಬಾಗುವುದು ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್. ಜೊತೆಗೆ ಹೊರಗೋಡೆಯೂ ಬಿರಿದರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಬೋಟಿನೊಳಗೇ ತುಂಬಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದಕ್ಕೇ ಗೋಡೆ ತೆಳುವಾದ ರೈಸರನ್ನು ಉಜ್ಜಿ ಮತ್ತೆ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಕೆಲಸ ಮುಗಿದ ಮೇಲೆ ಅದೇ ಟೇಪುಗಳ ಮೇಲೆ ಮತ್ತೆ ಅಳೆಯಿರಿ. ಎರಡು ಬದಿಗೆ ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಪೈಪುಗಳ ಉದ್ದ, ತಿರುವು ಒಂದೇ ಇರುವುದಿಲ್ಲ, ಅಷ್ಟರ ಮಟ್ಟಿಗೆ ನೀರೂ ಏರುಪೇರಾಗಿಯೇ ಹರಿಯುತ್ತದೆ.