ಇಲಿ ಜ್ವರಕ್ಕೆ ಆ್ಯಂಟಿಬಯಾಟಿಕ್ ಯಾಕೆ, ಮಂಗನ ಕಾಯಿಲೆಗೆ ಯಾಕಿಲ್ಲ?

"ಡಾಕ್ಟ್ರೇ, ಮಳೆಗಾಲದಲ್ಲಿ ಪಕ್ಕದ ಮನೆಯವ್ರಿಗೆ ಆ್ಯಂಟಿಬಯಾಟಿಕ್ ಕೊಟ್ರಿ, ಬೇಗ ಎದ್ದು ಓಡಾಡಿದ್ರು. ನಂಗ್ಯಾಕೆ ಬರೀ ಪ್ಯಾರಾಸಿಟಮಾಲ್?" ಮಲೆನಾಡಿನ ರೋಗಿಗಳು ಹೀಗೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಇಬ್ಬರಿಗೂ ಚಳಿ ಜ್ವರ, ತಲೆ ಸಿಡಿತ, ಮೈಕೈ ನೋವು, ಕೆಂಪು ಕಣ್ಣು. ಆದರೆ ಪಕ್ಕದ ಮನೆಯವರಿಗೆ ಬಂದದ್ದು ಇಲಿ ಜ್ವರ, ಇವರದ್ದು ಮಂಗನ ಕಾಯಿಲೆ. ಒಂದಕ್ಕೆ ಕಾರಣ ಬ್ಯಾಕ್ಟೀರಿಯಾ, ಇನ್ನೊಂದಕ್ಕೆ ವೈರಸ್.

ಇಲಿ ಜ್ವರ ತರುವ ಲೆಪ್ಟೋಸ್ಪೈರಾವನ್ನು ಡಾರ್ಕ್ ಫೀಲ್ಡ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಹೊಳೆಯುವ ಸುರುಳಿ ಎಳೆ, ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಗಿರಗಿರ ತಿರುಗುತ್ತಾ ಈಜುತ್ತದೆ. ಉದ್ದ ಸುಮಾರು ಮಿಲಿಮೀಟರ್‌ನ ನೂರನೇ ಒಂದು ಭಾಗ. ಅಷ್ಟು ಸಣ್ಣದಾದರೂ ಅದು ಪೂರ್ತಿ ಜೀವಕೋಶ. ತನ್ನದೇ ಗೋಡೆ ಇದೆ, ಆಹಾರ ತಾನೇ ಹೀರಿಕೊಳ್ಳುತ್ತದೆ, ಪ್ರೋಟೀನ್ ತಯಾರಿಸಲು ತನ್ನದೇ ರೈಬೋಸೋಮ್‌ಗಳಿವೆ. ಇಲಿಯ ಮೂತ್ರದ ಜೊತೆ ಗದ್ದೆಯ ನೀರು ಸೇರಿದರೆ ಅಲ್ಲೇ ವಾರಗಟ್ಟಲೆ ಬದುಕಿರಬಲ್ಲದು. ಕಾಲಿನ ಗಾಯ ಸಿಕ್ಕಿತೋ, ಒಳಗೆ ಬಂತು.

ಮಂಗನ ಕಾಯಿಲೆಯ ವೈರಸ್ ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ. ಸುಮಾರು 20,000 ವೈರಸ್‌ಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು. ಅದರೊಳಗೆ ಇರುವುದು ಒಂದು ಆರ್‌ಎನ್‌ಎ ಎಳೆ (ವೈರಸ್‌ನ ವಂಶವಾಹಿ ಮಾಹಿತಿ), ಸುತ್ತ ಪ್ರೋಟೀನ್, ಮೇಲೊಂದು ಕೊಬ್ಬಿನ ಹೊದಿಕೆ. ಅಷ್ಟೇ. ಜೀವಕೋಶದ ಗೋಡೆಯಿಲ್ಲ, ರೈಬೋಸೋಮ್ ಇಲ್ಲ. ಉಣುಗು ಕಚ್ಚಿದಾಗ ಮೈ ಸೇರಿ, ನಮ್ಮ ಜೀವಕೋಶದೊಳಗೆ ನುಗ್ಗಿ, ನಮ್ಮ ರೈಬೋಸೋಮ್‌ಗಳಿಂದಲೇ ತನ್ನ ಪ್ರೋಟೀನ್ ಮಾಡಿಸಿಕೊಳ್ಳುತ್ತದೆ.

ಈಗ ಔಷಧಿಗೆ ಬರೋಣ. ಪೆನಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾ ಗೋಡೆ ಕಟ್ಟುವುದನ್ನು ತಡೆಯುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾದ ರೈಬೋಸೋಮ್ ಕೆಲಸ ನಿಲ್ಲಿಸುತ್ತದೆ. ನಮ್ಮ ರೈಬೋಸೋಮ್‌ನ ರಚನೆ ಬೇರೆ, ಹಾಗಾಗಿ ನಾವು ಬಚಾವ್. ಆದರೆ ವೈರಸ್ ಬಳಸುವುದು ಇದೇ ನಮ್ಮ ರೈಬೋಸೋಮ್ ಅಲ್ವಾ? ಹಾಗಾಗಿ ಮಾತ್ರೆ ನುಂಗಿದರೂ ಅದಕ್ಕೆ ಏನೂ ಆಗುವುದಿಲ್ಲ. ಏಟು ಬೀಳುವುದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ. ಬದುಕುಳಿಯುವವು ಆ ಔಷಧಿಗೆ ಜಗ್ಗದಂಥವು. ಮೆಡಿಕಲ್ ಶಾಪಿನಿಂದ ಸುಮ್ನೆ ಅಜಿತ್ರೊಮೈಸಿನ್ ತಂದು ನುಂಗುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಾಗಂತ ಮಂಗನ ಕಾಯಿಲೆಗೆ ಚಿಕಿತ್ಸೆಯೇ ಇಲ್ಲವೆಂದಲ್ಲ. ದ್ರವ ಕೊಡುತ್ತೇವೆ, ಪ್ಲೇಟ್‌ಲೆಟ್ ನೋಡುತ್ತೇವೆ, ರಕ್ತಸ್ರಾವ ಆಗುತ್ತಿದೆಯೇ ಎಂದು ಗಮನಿಸುತ್ತೇವೆ. ಜ್ವರ ಇಳಿದ ಒಂದೆರಡು ವಾರದಲ್ಲಿ ಕೆಲವರಿಗೆ ಮತ್ತೆ ಜ್ವರ ಬಂದು ತೀವ್ರ ತಲೆನೋವು, ಗೊಂದಲ ಕಾಣಿಸಿಕೊಳ್ಳುತ್ತದೆ. ತಕ್ಷಣ ವಾಪಸ್ ಬರಬೇಕು.

ಇಲಿ ಜ್ವರದ ವಿಷಯದಲ್ಲಿ ಕಾಯುವ ಹಾಗಿಲ್ಲ. ತಡವಾದರೆ ಕಿಡ್ನಿ, ಲಿವರ್, ಶ್ವಾಸಕೋಶಕ್ಕೆ ಪೆಟ್ಟು. ಸೋಂಕಿನ ವಿರುದ್ಧ ನಮ್ಮ ದೇಹ ತಯಾರಿಸುವ ಆ್ಯಂಟಿಬಾಡಿಯನ್ನು ಹುಡುಕುವ ಪರೀಕ್ಷೆಯೋ, ಮೊದಲ ನಾಲ್ಕೈದು ದಿನ ನೆಗೆಟಿವ್ ಬರಬಹುದು. ಅದಕ್ಕೇ ಬಲವಾದ ಅನುಮಾನವಿದ್ದರೆ ರಿಪೋರ್ಟ್ ಬರುವ ಮೊದಲೇ ಡಾಕ್ಸಿಸೈಕ್ಲಿನ್ ಶುರು ಮಾಡುತ್ತೇವೆ. ಆ ಅನುಮಾನ ಹುಟ್ಟುವುದು ನೀವು ಹೇಳುವುದರಿಂದ. ಗದ್ದೆಗೆ ಇಳಿದಿದ್ರಾ? ಕಾಲಲ್ಲಿ ಗಾಯ ಇತ್ತಾ? ಮೀನಖಂಡ ಒತ್ತಿದರೆ ನೋಯುತ್ತಾ? ಅಥವಾ ತರಗೆಲೆ ತರಲು ಕಾಡಿಗೆ ಹೋಗಿದ್ರಾ, ಅಲ್ಲಿ ಮಂಗ ಸತ್ತು ಬಿದ್ದಿತ್ತಾ? ನಾವು ಕೇಳುವುದು ಮರೆತರೂ ನೀವಾಗಿಯೇ ಹೇಳಿ.