ಮಾಸ್ಕ್ ಸೋರಿದರೆ ಪಟ್ಟಿ ಸಡಿಲಿಸಿ

ಅಂಡಮಾನಿನ ಹ್ಯಾವ್‌ಲಾಕ್‌ಗೆ 2018ರಲ್ಲಿ ಸ್ವರಾಜ್ ದ್ವೀಪ ಎಂದು ಹೆಸರಾಯಿತು. ನೀರಿನಡಿಯ ಹವಳ, ಮೀನು ನೋಡಲು ಅಲ್ಲಿನ ನೆಮೋ ರೀಫ್ ಎಂಬ ಹವಳದ ದಿಬ್ಬಕ್ಕೆ ದೋಣಿ ಬೇಡ, ದಡದಿಂದಲೇ ನಡೆದು ಇಳಿಯಬಹುದು. ನೀರು ಏರಿರುವ ಹೊತ್ತಿಗೆ ಹೋಗಬೇಕು, ಇಳಿತದಲ್ಲಿ ಹವಳದ ಕಲ್ಲುಗಳ ಮೇಲೆ ಎಡವುತ್ತಾ ನಡೆಯಬೇಕಾಗುತ್ತದೆ. ಇಷ್ಟನ್ನು ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಳ್ಳದ ಮಾತು ಬೇರೆ, ಅದು ಕಣ್ಣು ಮೂಗು ಮುಚ್ಚುವ ಡೈವಿಂಗ್ ಮಾಸ್ಕಿನದು. ನೀರಿಗಿಳಿದವರು ಹೇಳುವುದು ಒಂದೇ:

"ಸರ್, ಮಾಸ್ಕ್ ಒಳಗೆ ನೀರು ಬರ್ತಿದೆ, ಇನ್ನೊಂಚೂರು ಟೈಟ್ ಮಾಡಿ."

ಟೈಟ್ ಮಾಡಿದರೆ ಇನ್ನೂ ಜಾಸ್ತಿ ಬರುತ್ತದೆ. ನೀರನ್ನು ತಡೆಯುವುದು ಪಟ್ಟಿಯಲ್ಲ, ಮಾಸ್ಕಿನ ಸುತ್ತ ಇರುವ ಮೆತ್ತನೆಯ ಸಿಲಿಕೋನ್ ಅಂಚು. ಅದು ಚರ್ಮಕ್ಕೆ ಹಗುರವಾಗಿ ಅಂಟಿ ಕೂರಬೇಕು. ಬಿಗಿದಷ್ಟೂ ಅಂಚು ಮಡಚಿ, ಕಪೋಲದ ಬಳಿಯೋ ಮೂಗಿನ ಕೆಳಗೋ ಸುಕ್ಕು ಬಿದ್ದು ದಾರಿ ಬಿಡುತ್ತದೆ. ನೀರಿನೊಳಗೆ ಒತ್ತಡವೇ ಮಾಸ್ಕನ್ನು ಮುಖಕ್ಕೆ ಒತ್ತುತ್ತದೆ. ಪಟ್ಟಿ ಇರುವುದು ಅದು ಜಾರದಿರಲಿ ಎಂದು ಮಾತ್ರ. ತಲೆಯ ಹಿಂದೆ, ಕಿವಿಗಿಂತ ಮೇಲೆ ಇರಲಿ, ಅಡಿಯಲ್ಲಿ ಒಂದು ಬೆರಳು ಸಲೀಸಾಗಿ ತೂರಬೇಕು.

ಹಾಗಾದರೆ ಸೋರುವುದು ಎಲ್ಲಿಂದ? ಹೆಚ್ಚಾಗಿ ಹಣೆಯ ಮೇಲೆ ಅಂಚಿನಡಿ ಸಿಕ್ಕ ನಾಲ್ಕು ಕೂದಲೆಳೆಯಿಂದ. ಸ್ಟಿಕ್ಕರ್ ಬಿಂದಿ ತುಸು ಮೇಲಿದ್ದರೆ ಅದೂ ಸಾಕು. ಗಂಡಸರಿಗೆ ಮೀಸೆ. ಬೋಳಿಸಿ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬೇಕಿಲ್ಲ. ಮೂಗಿನ ಕೆಳಗೆ ಅಂಚು ಕೂರುವಷ್ಟು ಸಣ್ಣ ಗೆರೆ ಕತ್ತರಿಸಿಕೊಂಡರೆ, ಇಲ್ಲವೇ ಮೀಸೆಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿದರೆ ಬಹುಪಾಲು ನಿಲ್ಲುತ್ತದೆ. ಇನ್ನೊಂದು ಕಾರಣ ನಗು. ಮೀನು ಕಂಡ ಖುಷಿಗೆ ಕೆನ್ನೆಯಲ್ಲಿ ಗೆರೆ ಮೂಡಿ ನೀರು ಒಳನುಗ್ಗುತ್ತದೆ. ಅದಕ್ಕೆ ನಮ್ಮಲ್ಲಿ ಮದ್ದಿಲ್ಲ.

ಮಾಸ್ಕ್ ಆರಿಸುವಾಗ ಪಟ್ಟಿ ಮುಂದಕ್ಕೆ ತಿರುಗಿಸಿ, ಮುಖಕ್ಕಿಟ್ಟು, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಬೀಳದೆ ನಿಂತರೆ ಅಳತೆ ಸರಿ. ಜೋರಾಗಿ ಎಳೆದರೆ ಯಾವ ಮಾಸ್ಕೂ ನಿಲ್ಲುತ್ತದೆ, ಅದು ಪರೀಕ್ಷೆಯಲ್ಲ. ಸ್ನಾರ್ಕೆಲ್, ಅಂದರೆ ನೀರಿನ ಮೇಲಿನ ಗಾಳಿ ಎಳೆಯುವ ಕೊಳವೆ, ಬಾಯಲ್ಲಿಟ್ಟುಕೊಂಡೇ ಇನ್ನೊಮ್ಮೆ ನೋಡಿ, ಬಾಯಿ ತೆರೆದಾಗ ಮೇಲ್ದುಟಿಯ ಆಕಾರ ಬದಲಾಗುತ್ತದೆ.

ಎಷ್ಟು ಮಾಡಿದರೂ ಒಂದೆರಡು ಚಮಚ ನೀರು ಬಂದೇ ಬರುತ್ತದೆ. ಮಾಸ್ಕ್ ಕಿತ್ತೆಸೆಯಬೇಡಿ, ಹವಳದ ಮೇಲಂತೂ ಎದ್ದು ನಿಲ್ಲಬೇಡಿ: ಹವಳ ಮುರಿಯುತ್ತದೆ, ಕಾಲು ಕೊಯ್ದ ಗಾಯ ಬೇಗ ಮಾಯುವುದಿಲ್ಲ. ಸ್ನಾರ್ಕೆಲ್ ಮಾಡುವವರು ತಲೆ ಮೇಲೆತ್ತಿ ಮಾಸ್ಕಿನ ಕೆಳಂಚು ಸರಿಸಿದರೆ ನೀರು ಸುರಿದುಹೋಗುತ್ತದೆ. ಸ್ಕೂಬಾದಲ್ಲಿ, ಅಂದರೆ ಬೆನ್ನಿನ ಸಿಲಿಂಡರಿನ ಗಾಳಿ ಉಸಿರಾಡುತ್ತಾ ಮುಳುಗಿರುವಾಗ, ಹಣೆಯ ಕಡೆಯ ಫ್ರೇಮನ್ನು ಬೆರಳಿನಿಂದ ಒತ್ತಿ, ತುಸು ಮೇಲೆ ನೋಡುತ್ತಾ ಮೂಗಿನಿಂದ ನಿಧಾನವಾಗಿ ಉಸಿರು ಬಿಡಿ, ನೀರು ಕೆಳಗಿನಿಂದ ಹೊರಹೋಗುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಮೊದಲೇ ಕಲಿತುಕೊಳ್ಳಿ.

ಸ್ಕೂಬಾದಲ್ಲಿ ಇಳಿಯುವಾಗಲೂ ಆಗಾಗ ಮೂಗಿನಿಂದ ಚೂರು ಗಾಳಿ ಮಾಸ್ಕಿಗೆ ಬಿಡಬೇಕು. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿ, ಒಳಗಿನ ಗಾಳಿ ಅರ್ಧಕ್ಕೆ ಕುಗ್ಗಿ ಮಾಸ್ಕ್ ಮುಖವನ್ನು ಹೀರಿಕೊಳ್ಳುತ್ತದೆ. ಕಣ್ಣ ಸುತ್ತ ಕಪ್ಪುಗಟ್ಟುವುದು, ಬಿಳಿಗುಡ್ಡೆ ರಕ್ತದಂತೆ ಕೆಂಪಾಗುವುದು ಇದರಿಂದಲೇ. ನೋಡಲು ಭಯವಾದರೂ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ, ಆದರೆ ನೋವಿದ್ದರೆ ಅಥವಾ ದೃಷ್ಟಿ ಮಂಜಾದರೆ ಕಣ್ಣಿನ ವೈದ್ಯರಿಗೆ ತೋರಿಸಿ. ಈಜುಕೊಳದ ಗಾಗಲ್ಸ್ ಡೈವಿಂಗ್‌ಗೆ ಬರುವುದಿಲ್ಲ ಎನ್ನುವುದೂ ಇದಕ್ಕೇ, ಅದರೊಳಗೆ ಮೂಗು ಇರುವುದಿಲ್ಲ, ಗಾಳಿ ಬಿಡಲಾಗದು.

ಕನ್ನಡಕದವರು ಕಡ್ಡಿಯ ಮೇಲೆ ಮಾಸ್ಕ್ ಹಾಕಿ ನೋಡಬೇಡಿ. ಪವರ್ ಇರುವ ಮಾಸ್ಕ್ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ, ದಡಕ್ಕೆ ಬಂದ ಮೇಲಲ್ಲ.